ಮಠದೊಳಗೊಂದು ತಿಮಿಂಗಿಲ

ಜರ್ಮನಿಯ ಬಾಲ್ಟಿಕ್ ಕರಾವಳಿಯ ಸ್ಟ್ರಾಲ್‌ಸುಂಡ್ ಪಟ್ಟಣದಲ್ಲಿ ಸಂತ ಕ್ಯಾಥರೀನಳ ಹೆಸರಿನ ಮಠವೊಂದಿದೆ. 1251ರಲ್ಲಿ ಡೊಮಿನಿಕನ್ ಸನ್ಯಾಸಿಗಳು ಬಂದು ನೆಲೆಯೂರಿದ ಜಾಗ. ಅವರು ನಿಂತು ಸ್ತೋತ್ರ ಹಾಡುತ್ತಿದ್ದ ಚರ್ಚಿನ ಭಾಗದಲ್ಲಿ ಈಗ 15 ಮೀಟರ್ ಉದ್ದದ ತಿಮಿಂಗಿಲದ ಅಸ್ಥಿಪಂಜರ ತೂಗುತ್ತಿದೆ! 1825ರಲ್ಲಿ ಪಕ್ಕದ ರ್ಯೂಗನ್ ದ್ವೀಪದ ದಡಕ್ಕೆ ಬಂದು ಸಿಕ್ಕಿಬಿದ್ದ ತಿಮಿಂಗಿಲ ಅದು.

ಚರ್ಚು ಕಡಲ ಸಂಗ್ರಹಾಲಯವಾಯಿತು. ಅದಕ್ಕಂಟಿದ ಮಠದ ಕೋಣೆಗಳು ಊರಿನ ಚರಿತ್ರೆಯ ಸಂಗ್ರಹಾಲಯವಾದವು. 1858ರಲ್ಲಿ ಶುರುವಾದ ಸಂಗ್ರಹ ಇಲ್ಲಿಗೆ ಬಂದದ್ದು 1924ರಲ್ಲಿ. ಅಷ್ಟರೊಳಗೆ ಕಟ್ಟಡ ಎಷ್ಟೋ ಒಡೆಯರನ್ನು ಕಂಡಿತ್ತು. 1525ರ ಮತಸುಧಾರಣೆಯ ಗಲಭೆಯಲ್ಲಿ ಸನ್ಯಾಸಿಗಳು ಜಾಗ ಖಾಲಿ ಮಾಡಬೇಕಾಯಿತು. 1560ರಲ್ಲಿ ಶಾಲೆ ಬಂತು, ಅನಾಥಾಲಯವೂ ಬಂತು. ಸ್ವೀಡನ್ನಿನವರ ಆಳ್ವಿಕೆಯಲ್ಲಿ ಚರ್ಚು ಆಯುಧಾಗಾರವಾಯಿತು. ಮಡಿವಂತರಿಗೆ ಇದು ರುಚಿಸಲಿಕ್ಕಿಲ್ಲ. ಆದರೆ ಮಠ ಉಳಿದದ್ದೇ ಯಾರಿಗಾದರೂ ಉಪಯೋಗಕ್ಕೆ ಬರುತ್ತಿದ್ದುದರಿಂದ.

ಚರಿತ್ರೆಯ ಸಂಗ್ರಹಾಲಯದ ಹೆಮ್ಮೆಯೆಂದರೆ ಹಿಡೆನ್ಸೇ ದ್ವೀಪದ ಚಿನ್ನ. 1872ರ ನವೆಂಬರಿನಲ್ಲಿ ಕಡಲು ಉಕ್ಕಿ ದ್ವೀಪಕ್ಕೆ ನುಗ್ಗಿತು. ಆಮೇಲಿನ ಎರಡು ವರ್ಷಗಳಲ್ಲಿ ಆಭರಣಗಳು ಒಂದೊಂದಾಗಿ ಕೈಸೇರತೊಡಗಿದವು. ಸಂಗ್ರಹಾಲಯ ಕಟ್ಟಿದ ರುಡಾಲ್ಫ್ ಬಾಯರ್ ಅವನ್ನು ಬಿಡಿಬಿಡಿಯಾಗಿಯೇ ಒಟ್ಟುಮಾಡಿದ. 16 ಒಡವೆ, ಸುಮಾರು 600 ಗ್ರಾಂ ತೂಕ. 10ನೇ ಶತಮಾನದ ವೈಕಿಂಗ್ ಅಕ್ಕಸಾಲಿಗರ ಕೆಲಸ. ಪದಕಗಳನ್ನು ಮಾತ್ರ ಹತ್ತಿರದಿಂದಲೇ ನೋಡಬೇಕು. ಮೈತುಂಬ ಹೊಸೆದ ಚಿನ್ನದ ಎಳೆ, ಸಾಸಿವೆಗಿಂತ ಸಣ್ಣ ಚಿನ್ನದ ಕಾಳು. ಆಕಾರ ಶಿಲುಬೆಯದು, ನೆತ್ತಿಯಲ್ಲಿ ಮಾತ್ರ ಕೊಕ್ಕಿರುವ ಹಕ್ಕಿಯ ಮೋರೆ. ಹೊಸ ದೇವರು ಬಂದಾಗಿತ್ತು, ಹಳಬರು ಇನ್ನೂ ಹೋಗಿರಲಿಲ್ಲ. ಡೆನ್ಮಾರ್ಕಿನ ರಾಜ ಹರಾಲ್ಡ್ ಬ್ಲೂಟೂತ್‌ನ ಮನೆತನಕ್ಕೆ ಇವು ಸೇರಿದ್ದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. (ಫೋನಿನ ಬ್ಲೂಟೂತ್‌ಗೆ ಇಟ್ಟಿರುವುದೂ ಇವನ ಹೆಸರನ್ನೇ.)

ಚಿನ್ನವನ್ನು ಇಷ್ಟು ಜತನ ಮಾಡಿದ ಊರು ಪುಸ್ತಕಗಳ ವಿಷಯದಲ್ಲಿ ಎಡವಿತು. ಮಠದಲ್ಲಿ ನಡೆಯುತ್ತಿದ್ದ ಶಾಲೆಯ ಹಳೆಯ ಗ್ರಂಥಭಂಡಾರ ನಗರದ ದಫ್ತರಖಾನೆಯ ವಶದಲ್ಲಿತ್ತು. ಆ ದಫ್ತರಖಾನೆ ಇದ್ದದ್ದೂ ಊರಿನ ಇನ್ನೊಂದು ಹಳೆಯ ಮಠದಲ್ಲೇ. ತಲೆಮಾರುಗಳ ಕಾಲ ಊರಿನ ಹುಡುಗರು, ಮೇಷ್ಟ್ರುಗಳು ಏನೇನು ಓದಿದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇರಲಿಲ್ಲ. ಸ್ಥಳೀಯ ಚರಿತ್ರೆಯ ಲೆಕ್ಕದಲ್ಲಿ ಅದರ ಬೆಲೆ ವೈಕಿಂಗ್ ಪದಕಕ್ಕಿಂತ ಕಡಿಮೆಯದಲ್ಲ. 2012ರಲ್ಲಿ ನಗರಾಡಳಿತ ಬಾಗಿಲು ಮುಚ್ಚಿದ ಸಭೆಯಲ್ಲಿ ತೀರ್ಮಾನಿಸಿ, ಸುಮಾರು 6000 ಸಂಪುಟಗಳನ್ನು 95,000 ಯೂರೋಗೆ ಹಳೆಪುಸ್ತಕದ ವ್ಯಾಪಾರಿಗೆ ಮಾರಿಬಿಟ್ಟಿತು. ಸುದ್ದಿ ಹೊರಬಿದ್ದೊಡನೆ ವಿದ್ವಾಂಸರು ತಿರುಗಿಬಿದ್ದರು, ಪತ್ರಿಕೆಗಳಲ್ಲಿ ರಂಪವಾಯಿತು. ನಗರ ತಪ್ಪೊಪ್ಪಿ ಪುಸ್ತಕಗಳನ್ನು ಹಿಂದಕ್ಕೆ ಪಡೆಯಿತು. ಬಹುಪಾಲು ಮರಳಿದವು, ಅಷ್ಟರಲ್ಲೇ ಬಿಕರಿಯಾಗಿದ್ದ ಕೆಲವು ಬರಲಿಲ್ಲ.