ಟಿಕೆಟ್ಟಿನಲ್ಲಿ ಕಾಣದ ಗಂಟೆಗಳು

ಬೆಂಗಳೂರಿನಿಂದ ದೆಹಲಿಗೆ ಆಕಾಶಮಾರ್ಗದಲ್ಲಿ ಸುಮಾರು 1,700 ಕಿಲೋಮೀಟರು. ವಿಮಾನಕ್ಕೆ ಹಿಡಿಯುವುದು ಹೆಚ್ಚುಕಡಿಮೆ ಎರಡೂಮುಕ್ಕಾಲು ಗಂಟೆ. ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ರಸ್ತೆಯಲ್ಲಿ ನೂರು ಕಿಲೋಮೀಟರು ದಾಟುತ್ತದೆ. ಬೆಂಗಳೂರನ್ನು ದಕ್ಷಿಣದ ತುದಿಯಿಂದ ಉತ್ತರದ ತುದಿಗೆ ಹಾಯಬೇಕು. ಕನಕಪುರದಲ್ಲಿ ಒಮ್ಮೆ, ಬೆಂಗಳೂರಿನಲ್ಲಿ ಮತ್ತೊಮ್ಮೆ ಬಸ್ಸು ಬದಲಿಸುವವರು ನಾಲ್ಕು ಗಂಟೆಯಾದರೂ ಕೈಯಲ್ಲಿಟ್ಟುಕೊಂಡು ಹೊರಡಬೇಕು. ಅದರ ಮೇಲೆ ವಿಮಾನ ಹೊರಡುವ ಎರಡು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಅಂದರೆ ದೆಹಲಿಯಲ್ಲಿ ಇಳಿಯುವಷ್ಟರಲ್ಲಿ ಹಾರಿದ ಹೊತ್ತಿನ ಎರಡರಷ್ಟು ಹೊತ್ತು ನೆಲದ ಮೇಲೆಯೇ ಕಳೆದಿರುತ್ತದೆ. ಊರಿಂದೂರಿಗೆ ಎಷ್ಟು ದೂರ ಎಂದು ಲೆಕ್ಕ ಹಾಕುವಾಗ ಈ ಹೊತ್ತನ್ನು ನಾವು ಬಿಟ್ಟೇ ಬಿಡುತ್ತೇವೆ. ಸರ್ಕಾರವೂ ಬಿಡುತ್ತದೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಾಗಿ ಬೆಂಗಳೂರಿಗೆ ನೇರವಾಗಿ ಹಾರಿ ಬಂದರು. ಸುಮಾರು 14,000 ಕಿಲೋಮೀಟರು, ಹದಿನೇಳು ಗಂಟೆ. ನಿಜಕ್ಕೂ ಹೆಮ್ಮೆಪಡುವ ಸಾಧನೆ. ಅದೇ ತಿಂಗಳು ಕನಕಪುರ ರಸ್ತೆಯಲ್ಲಿ ಯಲಚೇನಹಳ್ಳಿಯ ತನಕ ಇದ್ದ ಮೆಟ್ರೊ ರೇಷ್ಮೆ ಸಂಸ್ಥೆಯವರೆಗೆ ಮುಂದುವರಿಯಿತು. ಈ ಭಾಗದ ಪ್ರಯಾಣಿಕರಿಗೆ ಹೆಚ್ಚು ದೊಡ್ಡ ಸುದ್ದಿ ಆ ಆರು ಕಿಲೋಮೀಟರೇ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಜೆಟ್ ವಿಮಾನಗಳು ಅರವತ್ತು ವರ್ಷಗಳಿಂದಲೂ ಗಂಟೆಗೆ ಸುಮಾರು 900 ಕಿಲೋಮೀಟರು ವೇಗದಲ್ಲೇ ಹಾರುತ್ತಿವೆ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ 2003ರಲ್ಲೇ ಸೇವೆ ನಿಲ್ಲಿಸಿತು. ನೇರ ವಿಮಾನ ಬಂದರೆ ನಡುವಿನ ನಿಲ್ದಾಣದ ಕಾಯುವಿಕೆ ತಪ್ಪೀತು. ಹಾರಾಟದ ಹೊತ್ತಂತೂ ಸದ್ಯಕ್ಕೆ ತಗ್ಗುವುದಿಲ್ಲ. ಉಳಿಸಬಹುದಾದ ಗಂಟೆಗಳಿರುವುದು ನೆಲದ ಮೇಲೆ.

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಕನಕಪುರ ರಸ್ತೆಗೇ ಬಂದರೆ ಎಲ್ಲ ಸರಿಹೋಗುತ್ತದಲ್ಲ ಎನ್ನುವವರಿದ್ದಾರೆ. 2025ರ ಏಪ್ರಿಲ್‌ನಲ್ಲಿ ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಇಲ್ಲಿನ ಎರಡು ಜಾಗಗಳನ್ನು ನೋಡಿ ಹೋದದ್ದೂ ನಿಜ. ಆದರೆ 150 ಕಿಲೋಮೀಟರು ವ್ಯಾಪ್ತಿಯೊಳಗೆ ಮತ್ತೊಂದು ನಿಲ್ದಾಣಕ್ಕೆ ದೇವನಹಳ್ಳಿ ನಿಲ್ದಾಣದ ಈಗಿನ ಒಪ್ಪಂದ 2033ರವರೆಗೆ ಅಡ್ಡಿಯಾಗಿದೆ. ರೈತರ ಜಮೀನಿನ ಪ್ರಶ್ನೆ ಬೇರೆ. ದೇವನಹಳ್ಳಿಯ ಪಾಠವೂ ಕಣ್ಣೆದುರಿಗಿದೆ: 2008ರ ಮೇ ತಿಂಗಳಲ್ಲಿ ವಿಮಾನ ಹಾರತೊಡಗಿದ ಆ ನಿಲ್ದಾಣಕ್ಕೆ 2025ರಲ್ಲೂ ಮೆಟ್ರೊ ಕಾಮಗಾರಿ ನಡೆಯುತ್ತಲೇ ಇತ್ತು. ಸದ್ಯಕ್ಕೆ ಆಗಬಹುದಾದದ್ದು ನಿಲ್ದಾಣಕ್ಕೆ ನೇರ ಬಸ್ಸು. ಅದಕ್ಕೆ, ಹಳ್ಳಿಯವರಲ್ಲಿ ವಿಮಾನ ಹತ್ತುವವರು ಎಷ್ಟು ಮಂದಿ ಎಂಬ ಆಕ್ಷೇಪವಿದೆ. ಒಂದೇ ಹಳ್ಳಿಗಾಗಿ ಯಾರೂ ಬಸ್ಸು ಕೇಳುತ್ತಿಲ್ಲ. ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರವಾಗಿ ದೇವನಹಳ್ಳಿಗೆ ಓಡುತ್ತದೆ. ಕನಕಪುರದಿಂದ ಹೊರಟು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ, ಕಗ್ಗಲೀಪುರದವರನ್ನು ಹತ್ತಿಸಿಕೊಂಡು, ನೈಸ್ ರಸ್ತೆ ಹಿಡಿದು ನಗರದ ನಡುಭಾಗವನ್ನು ತಪ್ಪಿಸಿಹೋಗುವ ಅಂಥದ್ದೇ ಬಸ್ಸು ಓಡಿಸಲು ಹೊಸ ಜಮೀನೂ ಬೇಡ, ಹೊಸ ಒಪ್ಪಂದವೂ ಬೇಡ. ವಿದೇಶಕ್ಕೆ ಹೋಗುವ ವಿಮಾನಗಳು ಹೆಚ್ಚಾಗಿ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಹೊರಡುತ್ತವೆ. ಆ ಹೊತ್ತಿಗೆ ಸ್ವಂತ ಕಾರಿಲ್ಲದವರು ಟ್ಯಾಕ್ಸಿಗೆ ಸಾವಿರಾರು ರೂಪಾಯಿ ತೆರಬೇಕಾಗುತ್ತದೆ. ಹಾಗಾಗಿ ಮೊದಲ ಬಸ್ಸು ಕನಕಪುರದಿಂದ ರಾತ್ರಿ ಎಂಟಕ್ಕೇ ಹೊರಡಲಿ.