ಪ್ರಶ್ನೆ ಕೇಳುವ ವಿದ್ಯೆ

ಗಣಕಯಂತ್ರದ ಮಾಹಿತಿಕೋಶವನ್ನು, ಅಂದರೆ ಡೇಟಾಬೇಸನ್ನು, ಪ್ರಶ್ನಿಸುವ ವಿದ್ಯೆಯನ್ನು ಕಲಿಸಹೊರಟ ಅಧ್ಯಾಪಕನು ಮೊದಲು ಸಿದ್ಧಪಡಿಸಬೇಕಾದುದು ಆಜ್ಞೆಗಳ ಪಟ್ಟಿಯನ್ನಲ್ಲ, ಪ್ರಶ್ನೆಗಳನ್ನು ಎಂಬುದು ನನ್ನ ಮತ.

ಮಾಹಿತಿಯನ್ನು ಕೋಷ್ಟಕಗಳಲ್ಲಿರಿಸುವ ತತ್ತ್ವವನ್ನು 1970ರಲ್ಲಿ ಎಡ್ಗರ್ ಕಾಡ್ ಎಂಬವರು ಮಂಡಿಸಿದರು. ಅದಕ್ಕೊಪ್ಪುವ ಭಾಷೆಯೊಂದನ್ನು 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಪ್ರಕಟಿಸಿದರು. ಅದೇ ಮುಂದೆ ಎಸ್‌ಕ್ಯೂಎಲ್ ಎನಿಸಿತು. ಅದರ ಪದಗಳು ಆಂಗ್ಲದವು, ದಿಟ. ಆದರೆ ಅವು ಕೇಳುವುದಿಷ್ಟೆ: ಏನು ಬೇಕು, ಯಾವ ಕೋಷ್ಟಕದಿಂದ, ಯಾವ ನಿಬಂಧನೆಯಂತೆ?

ಕುರ್ಲಾದ ಶಾಲೆಯೊಂದರ ತರಗತಿಯಲ್ಲಿ 40 ಮಕ್ಕಳಿದ್ದಾರೆನ್ನಿ. ಕೋಷ್ಟಕದಲ್ಲಿ 10 ಮಂದಿಯ ವಾಸಸ್ಥಳ ಕುರ್ಲಾ. ಒಬ್ಬನದು ಬರೆಯದೆ ಉಳಿದಿದೆ. ರೈಲು ಪಾಸಿನ ರಿಯಾಯಿತಿಗಾಗಿ 'ವಾಸಸ್ಥಳ ಕುರ್ಲಾ ಅಲ್ಲದವರು ಯಾರು?' ಎಂದು ಕೇಳಿದರೆ ಯಂತ್ರವು 30 ಹೆಸರುಗಳನ್ನಲ್ಲ, 29ನ್ನೇ ಕೊಡುತ್ತದೆ. ತಿಳಿಯದುದನ್ನು ಅದು ಹೌದೆಂದೂ ಎಣಿಸದು, ಅಲ್ಲವೆಂದೂ ಎಣಿಸದು. ಮುಲುಂಡಿನಿಂದ ದಿನವೂ ಬರುವ ಆ ಬಾಲಕನ ಗತಿಯೇನು?

ಆದುದರಿಂದ ಅಧ್ಯಾಪಕನು ಪ್ರತಿಯೊಂದು ಪ್ರಶ್ನೆಯ ಉತ್ತರವನ್ನೂ ತಾನೇ ಎಣಿಸಿ ನೋಡಿ ತರಗತಿಗೆ ಬರತಕ್ಕದ್ದು. ವಿದ್ಯಾರ್ಥಿಗಳು ಮೊದಲು ಪ್ರಶ್ನೆಯನ್ನು ತಿಳಿಗನ್ನಡದಲ್ಲಿ ಬರೆಯಲಿ. ಕನ್ನಡ ಮಾಧ್ಯಮವು ಈ ವಿದ್ಯೆಗೆ ತೊಡಕೆಂದು ಯಾರೂ ಅಂಜಬೇಕಾಗಿಲ್ಲ. ಸ್ಪಷ್ಟವಾಗಿ ಕೇಳಬಲ್ಲವರಿಗೆ ಯಂತ್ರದ ಹತ್ತಾರು ಪದಗಳು ಭಾರವಾಗಲಾರವು.