ಕ್ರಮಭಂಗವೂ ಮೂಲರಕ್ಷಣೆಯೂ

ಅನುಕ್ರಮವೇ ಅರ್ಥಕ್ಕೆ ಆಧಾರ. ಓಲೆಯ ಕಟ್ಟಿನ ದಾರ ಕಡಿದರೆ ಗರಿಗಳು ಚದುರುತ್ತವೆ. ಒಂದೊಂದು ಗರಿಯೂ ಅಕ್ಷತವಾಗಿದ್ದರೂ ಗ್ರಂಥವು ಓದಿಗೆ ಒದಗದು. ಆಗ ಗರಿಯ ಅಂಚಿನ ಅಂಕವೇ ಸಂಪಾದಕನಿಗೆ ದಾರಿದೀಪ. ಇಂದು ಮಠಗಳ ಉತ್ಸವಗಳೂ ಶಾಲೆಗಳ ಸಮಾರಂಭಗಳೂ ಹಿರಿಯರ ಉಪನ್ಯಾಸಗಳೂ ಡಿಜಿಟಲ್ ವೀಡಿಯೋ ಕಡತಗಳಲ್ಲಿ ಉಳಿಯುತ್ತಿವೆ. ಅಲ್ಲಿಯೂ ಇಂತಹುದೇ ಕ್ರಮಭಂಗವು ಸಂಭವಿಸುತ್ತದೆ.

ಶೃಂಗೇರಿಯ ತುಂಗಾತೀರದಲ್ಲಿ ಈಜುವ ಮೀನುಗಳನ್ನು ಸೆಕೆಂಡಿಗೆ 25 ಫ್ರೇಮುಗಳಂತೆ ಚಿತ್ರೀಕರಿಸಿದರೆಂದು ಭಾವಿಸೋಣ. ಫ್ರೇಮುಗಳ ಕ್ರಮ ತಪ್ಪಿದರೆ ಮೀನು ಮುಂದಕ್ಕೆ ನೆಗೆದು, ಹಿಂದಕ್ಕೆ ಜಾರಿ, ನಡುಗುತ್ತ ಸಾಗಿದಂತೆ ತೋರುತ್ತದೆ. ಅಷ್ಟರಿಂದಲೇ ಕಡತ ಕೆಟ್ಟಿತೆಂದು ನಿರ್ಣಯಿಸುವುದು ಆತುರವಾದೀತು.

ಕಡತದ ಗಾತ್ರವನ್ನು ಕುಗ್ಗಿಸಲು ಕೆಲವು ಫ್ರೇಮುಗಳನ್ನು ಪೂರ್ಣವಾಗಿ ಬರೆಯದೆ, ಹಿಂದಿನ ಹಾಗೂ ಮುಂದಿನ ಫ್ರೇಮುಗಳಿಂದ ಅವುಗಳಿಗಿರುವ ಭೇದವನ್ನಷ್ಟೇ ಬರೆದಿಡುತ್ತಾರೆ. 1993ರ ಎಂಪೆಗ್-1 ಮಾನಕದಲ್ಲಿದ್ದ ಈ ಏರ್ಪಾಡು 2003ರ ಎಚ್.264ರಲ್ಲಿಯೂ ಉಂಟು. ಮುಂದಿನದನ್ನು ಮೊದಲು ಬಿಡಿಸಿದ ಹೊರತು ನಡುವಣದು ಬಿಡಿಸಿಕೊಳ್ಳದು. ಆದುದರಿಂದ 1, 2, 3, 4 ಎಂದು ಕಾಣಬೇಕಾದವು ಕಡತದಲ್ಲಿ 1, 4, 2, 3 ಎಂದು ಕುಳಿತಿರುತ್ತವೆ. ಪದ್ಯದಲ್ಲಿ ಪದಗಳ ಕ್ರಮವೊಂದು, ಅನ್ವಯಕ್ರಮವೊಂದು ಇರುವಂತೆಯೇ ಇದು. ಪ್ರತಿ ಫ್ರೇಮಿನ ಕಾಲಮುದ್ರೆಯು ಅನ್ವಯವನ್ನು ತಿಳಿಸುವ ಅಂಕ. ಅದು ಅಳಿದರೂ, ಅದನ್ನು ತೋರುಯಂತ್ರವು ಅಲಕ್ಷಿಸಿದರೂ ಅನ್ವಯ ಕೆಡುತ್ತದೆ.

ಪರಿಹಾರದಲ್ಲಿಯೂ ಕ್ರಮವುಂಟು. ಮೊದಲು ಬೇರೊಂದು ತಂತ್ರಾಂಶದಲ್ಲಿ ಕಡತವನ್ನು ನೋಡಬೇಕು. ಅಲ್ಲಿ ಸರಿಯಾಗಿ ಕಂಡರೆ ದೋಷವು ಕಡತದ್ದಲ್ಲ. ಅಲ್ಲಿಯೂ ಕೆಟ್ಟಿದ್ದರೆ ಪ್ರತಿಯೊಂದನ್ನು ಮಾಡಿ, ಫ್ರೇಮುಗಳನ್ನು ಮುಟ್ಟದೆ, ಕಾಲಮುದ್ರೆಗಳನ್ನಷ್ಟೇ ಹೊಸದಾಗಿ ಕೊಡಿಸಿ ನೋಡಬೇಕು. ಇದಾವುದನ್ನೂ ಮಾಡದೆ ಇಡಿಯ ಕಡತವನ್ನು ಮರುಸಂಕೇತಿಸಿ ಮೂಲವನ್ನು ಅಳಿಸುವುದು ಅನರ್ಥಕಾರಿ. ಹಾಗೆ ಮಾಡಿದಲ್ಲಿ ತಪ್ಪಿದ ಕ್ರಮವೇ ಸ್ಥಿರಗೊಳ್ಳುತ್ತದೆ. ಚಿತ್ರದ ಸ್ಪಷ್ಟತೆಯೂ ಕುಂದುತ್ತದೆ. ತಿದ್ದುಪಡಿಯನ್ನು ಪ್ರತಿಯಲ್ಲಿ ಮಾಡಬೇಕೇ ಹೊರತು ಮೂಲದ ಗರಿಯನ್ನು ಕೆರೆಯಲಾಗದು.

ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಕಿಗೆ ತರಲು ಶಕ್ಯವಾದುದು, ಓಲೆಗಳನ್ನು ಅಷ್ಟು ಕಾಲ ಯಾರೋ ಬಿಸುಡದೆ ಉಳಿಸಿದ್ದರಿಂದ. ಉಳಿಸಿದವರೆಲ್ಲರೂ ಓದಬಲ್ಲವರಾಗಿದ್ದರೆಂದಲ್ಲ. ಇಂದು ಅರ್ಥವಾಗದ ಕಡತವನ್ನು ನಾಳಿನವನು ಬಿಡಿಸಿಯಾನು. ಅಳಿಸಿದುದನ್ನು ಯಾವ ಪಂಡಿತನೂ ಮರಳಿ ತರಲಾರ. ದಾನಿಗಳು ಹೊಸ ಕ್ಯಾಮೆರಾಗಳಿಗೆ ನೀಡುವ ದ್ರವ್ಯದಲ್ಲಿ ಒಂದಂಶವನ್ನು ಮೂಲ ಕಡತಗಳ ಎರಡು ಪ್ರತಿಗಳನ್ನು ಎರಡು ಸ್ಥಳಗಳಲ್ಲಿ ಇರಿಸುವುದಕ್ಕೆ ಮೀಸಲಿಡಲಿ. ಅಧ್ಯಾಪಕರು ಪ್ರತಿ ಕಡತಕ್ಕೂ ದಿನಾಂಕವನ್ನೂ ವಿಷಯವನ್ನೂ ಬರೆದಿಡಲಿ. ಚಿತ್ರೀಕರಣಕ್ಕಿಂತ ಸಂರಕ್ಷಣೆಯೇ ಹಿರಿದಾದ ಸೇವೆ.